ಚಾರ್ಲಿ ಪಾರ್ಕರನ ಎಂಟು ಸಿಡಿಗಳ ಪೆಟ್ಟಿಗೆ: ಮಂಗಳೂರಿನ ಕಿವಿಗೆ

ಮಂಗಳೂರು, ಉಡುಪಿಯ ಕಡೆ ಸ್ಯಾಕ್ಸೋಫೋನ್ ಹೊರಗಿನ ವಾದ್ಯ ಅನ್ನಿಸಿಕೊಳ್ಳುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ದೇವಸ್ಥಾನದ ಬಲಿ ಉತ್ಸವ, ಮದುವೆಯ ಧಾರೆ, ದೈವದ ಕೋಲ, ಕ್ಯಾಥೊಲಿಕ್ ಮದುವೆಯ ಬ್ಯಾಂಡು, ಎಲ್ಲ ಕಡೆ ಅದು ಉಂಟು. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಆಲ್ಟೊ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದು ಕೂರಿಸಿದ ಮೇಲಂತೂ ಅದು ನಮ್ಮದೇ. ಅದೇ ಆಲ್ಟೊ ವಾದ್ಯವನ್ನು ಹಿಡಿದು ಜಾಝ್ ಸಂಗೀತದ ದಿಕ್ಕನ್ನೇ ಬದಲಿಸಿದವನು ಚಾರ್ಲಿ ಪಾರ್ಕರ್. ಅವನ ಹೆಸರು ಗೊತ್ತಿರುವವರಲ್ಲಿ ಹೆಚ್ಚಿನವರಿಗೆ ಮೊದಲು ಸಿಕ್ಕಿದ್ದು ಅವನ ಕಥೆ: ಹೆರಾಯಿನ್, ಮನೋರೋಗದ ಆಸ್ಪತ್ರೆ, 34ನೇ ವಯಸ್ಸಿಗೆ ಸಾವು. ಅವನ ಕೆಲಸ ಕಿವಿಗೆ ಬೀಳುವುದು ಆಮೇಲೆ, ಅದೂ ಆ ಕಥೆಯ ನೆರಳಿನಲ್ಲೇ.

ಆ ನೆರಳು ಸರಿಸಿ ಕೇಳಬೇಕು ಅನ್ನುವವರಿಗೆ ಸರಿಯಾದ ವಸ್ತು 'ದ ಕಂಪ್ಲೀಟ್ ಸವಾಯ್ ಆ್ಯಂಡ್ ಡಯಲ್ ಸ್ಟುಡಿಯೋ ರೆಕಾರ್ಡಿಂಗ್ಸ್ 1944–1948' ಎಂಬ ಪೆಟ್ಟಿಗೆ. 2000ರಲ್ಲಿ ಬಂದದ್ದು, ಎಂಟು ಸಿಡಿ. ನ್ಯೂಜೆರ್ಸಿಯ ಸವಾಯ್, ಲಾಸ್ ಏಂಜಲೀಸಿನಲ್ಲಿ ಶುರುವಾದ ಡಯಲ್, ಈ ಎರಡು ಸಣ್ಣ ಕಂಪನಿಗಳಿಗಾಗಿ ಪಾರ್ಕರ್ ಸ್ಟುಡಿಯೋದಲ್ಲಿ ನುಡಿಸಿದ್ದು ಇದರಲ್ಲಿ ದಿನಾಂಕದ ಪ್ರಕಾರ ಜೋಡಣೆಯಾಗಿದೆ. ಕೊನೆಗೆ ಆಯ್ಕೆಯಾದ ಟೇಕ್ (ಹಾಡನ್ನು ಒಂದು ಸಲ ನುಡಿಸಿ ಮುದ್ರಿಸಿದ್ದು) ಮಾತ್ರವಲ್ಲ, ಅರ್ಧಕ್ಕೆ ನಿಂತದ್ದು, ತಪ್ಪಿದ್ದು, ಬದಿಗಿಟ್ಟದ್ದು ಕೂಡ ಸೇರಿದೆ.

ಮೊದಲ ಸಿಡಿಯಿಂದ ಎಂಟನೆಯದರ ತನಕ ಸಾಲಾಗಿ ಕೇಳಲು ಕೂತರೆ ಬೇಸರ ಬರುವುದು ಖಂಡಿತ. ಒಂದೇ ಹಾಡು ನಾಲ್ಕು, ಐದು ಸಲ ಬರುತ್ತದೆ. ಕೆಲವು ಟೇಕ್‌ಗಳು ಕೆಲವೇ ಸೆಕೆಂಡಿಗೆ ನಿಂತುಬಿಡುತ್ತವೆ. ಹಿನ್ನೆಲೆಗೆ ಹಾಕಿ ಅಡುಗೆ ಮಾಡುವ ಸಂಗೀತ ಇದಲ್ಲ. ಸಿಡಿಗಳನ್ನು ಕಂಪ್ಯೂಟರಿಗೆ ಫ್ಲ್ಯಾಕ್ ಫೈಲಾಗಿ (ನಾದ ಕೆಡದಂತೆ ಇಡುವ ಬಗೆ) ಇಳಿಸಿಕೊಂಡು ಎರಡು ಪಟ್ಟಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು: ಒಂದರಲ್ಲಿ ಅಂತಿಮ ಟೇಕ್‌ಗಳು ಮಾತ್ರ, ಇನ್ನೊಂದರಲ್ಲಿ ಒಂದೊಂದು ದಿನದ ಪೂರ್ತಿ ಕೆಲಸ. ಫೈಲಿನ ಹೆಸರಿನಲ್ಲಿ ದಿನಾಂಕ ಮತ್ತು ಟೇಕ್ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ವಾರ ಕಳೆಯುವುದರೊಳಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಇದೇ ಹಾಡುಗಳು ಫೋನಿನ ಆ್ಯಪ್‌ಗಳಲ್ಲೂ ಸಿಗುತ್ತವೆ, ಆದರೆ ಟೇಕ್‌ಗಳು ಚೆಲ್ಲಾಪಿಲ್ಲಿ. ಹಣ ಕೊಡುವುದು ಈ ಜೋಡಣೆಗೆ, ಅದರಲ್ಲಿ ಅನುಮಾನವಿಲ್ಲ.

ಶುರು ಮಾಡಬೇಕಾದದ್ದು 1945ರ ನವೆಂಬರ್ 26ರ ದಿನದಿಂದ. 'ಬಿಲೀಸ್ ಬೌನ್ಸ್' ಐದು ಟೇಕ್, 'ನೌಸ್ ದ ಟೈಮ್' ನಾಲ್ಕು. ಎರಡೂ ಬ್ಲೂಸ್, ಎಂದರೆ ಹನ್ನೆರಡು ಬಾರ್‌ಗಳ ಚೌಕಟ್ಟು. ಬಾರ್ ಅಂದರೆ ನಾಲ್ಕು ಎಣಿಕೆ. ಆದಿತಾಳ ಹಾಕುವ ಕೈಗೆ ಲೆಕ್ಕ ಬಹಳ ಸುಲಭ: ಎರಡು ಬಾರ್ ಸೇರಿ ಒಂದು ಆವರ್ತನ, ಆರು ಆವರ್ತನಕ್ಕೆ ಬ್ಲೂಸಿನ ಒಂದು ಸುತ್ತು. ಮೂರನೇ ಆವರ್ತನದ ಆರಂಭದಲ್ಲಿ ಕಾರ್ಡ್, ಅಂದರೆ ಹಿನ್ನೆಲೆಗೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಮಧ್ಯಮಕ್ಕೆ ಸರಿಯುತ್ತದೆ, ಐದನೆಯದರ ಆರಂಭದಲ್ಲಿ ಪಂಚಮದ ಕಡೆಗೆ ಎಳೆತ, ಆರನೆಯದರ ಹೊತ್ತಿಗೆ ಷಡ್ಜಕ್ಕೆ ವಾಪಸು. ಈ ಮೂರು ತಿರುವು ಕಿವಿಗೆ ಸಿಕ್ಕಿದರೆ ಪಾರ್ಕರ್ ಎಲ್ಲಿ ನಿಂತಿದ್ದಾನೆಂದು ಗೊತ್ತಾಗುತ್ತದೆ.

ತಾಳ ಹಾಕುತ್ತಾ ಅವನ ಎಡುಪ್ಪನ್ನು, ಅಂದರೆ ವಾಕ್ಯ ಎತ್ತಿಕೊಳ್ಳುವ ಜಾಗವನ್ನು, ಗಮನಿಸಿ. ವಾಕ್ಯ ಸಮದಲ್ಲಿ ಶುರುವಾಗುವುದು ಅಪರೂಪ. ಅರ್ಧ ಎಣಿಕೆ ಮುಂಚೆ, ಇಲ್ಲವೇ ಒಂದೂವರೆ ಎಣಿಕೆ ತಡವಾಗಿ ಏಳುತ್ತದೆ. ನಮ್ಮಲ್ಲಿ ಅತೀತ (ಸಮಕ್ಕೆ ಮುಂಚೆ), ಅನಾಗತ (ಸಮದ ನಂತರ) ಅನ್ನುವುದು ಸಾಮಾನ್ಯವಾಗಿ ಇಡೀ ಕೃತಿಗೆ ಒಂದೇ ಸಲ ನಿಶ್ಚಯವಾಗಿರುತ್ತದೆ. ಇಲ್ಲಿ ಪ್ರತಿ ವಾಕ್ಯಕ್ಕೂ ಬೇರೆ. ಮುಗಿಯುವುದೂ ಹಾಗೆಯೇ, ಇನ್ನೇನು ಸಮಕ್ಕೆ ಬಂದ ಅನ್ನುವಾಗ ಒಂದು ಸಣ್ಣ ಎರಡು ಸ್ವರದ ತಿರುಪಿನಲ್ಲಿ ತುಂಡರಿಸಿಬಿಡುತ್ತಾನೆ. ಇನ್ನೊಂದು ವ್ಯತ್ಯಾಸ ನಾದದ್ದು. ಗೋಪಾಲನಾಥರ ನುಡಿಕೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರು, ಗಮಕ. ಪಾರ್ಕರನದು ಬಿಡಿಬಿಡಿಯಾಗಿ ಕೇಳುವ ಸ್ವರ, ಕಂಪನ ಕಡಿಮೆ, ಸ್ವಲ್ಪ ಒಣ ದನಿ. ಮೊದಲ ಅರ್ಧ ಗಂಟೆ ನಮ್ಮ ಕಿವಿಗೆ ಅದು ಒರಟಾಗಿ ಕೇಳಬಹುದು. ಆ ಅರ್ಧ ಗಂಟೆ ದಾಟಬೇಕು.

ಆ ದಿನದ ಮೊದಲ ಟೇಕ್‌ಗಳಲ್ಲಿ ರೀಡ್ (ಊದುವ ಬಾಯಲ್ಲಿ ಕಂಪಿಸುವ ಬೆತ್ತದ ಸೀಳು) 'ಕೀಂಯ್' ಅನ್ನುವುದು ಚೆನ್ನಾಗಿ ಕೇಳುತ್ತದೆ. ಊರಿನ ವಾಲಗದವರಿಗೆ ಇದು ದಿನನಿತ್ಯದ ಪೀಡೆ: ರೀಡ್ ಒಣಗಿದ್ದರೆ, ತುದಿ ಸವೆದಿದ್ದರೆ, ಪ್ಯಾಡ್ ಸರಿಯಾಗಿ ಮುಚ್ಚದೆ ಗಾಳಿ ಸೋರಿದರೆ ಸ್ವರ ಹಾರಿ ಮೇಲಿನ ಸ್ಥಾಯಿಗೆ ಚಿಮ್ಮುತ್ತದೆ. ಪಾರ್ಕರ್ ಆ ಕಾಟದ ನಡುವೆಯೇ ನುಡಿಸುತ್ತಾ ಹೋಗುತ್ತಾನೆ. ಒಂದನೇ ಟೇಕ್ ಮತ್ತು ಐದನೇ ಟೇಕನ್ನು ಬೆನ್ನುಬೆನ್ನಿಗೆ ಇಟ್ಟು ಕೇಳಿ. ಒಂದು ವಾಕ್ಯವನ್ನೂ ಹಾಗೇ ಮರಳಿ ನುಡಿಸುವುದಿಲ್ಲ. ಕೈ ರೂಢಿಯ ಕೆಲವು ತುಣುಕುಗಳು ಎರಡರಲ್ಲೂ ಬರುತ್ತವೆ, ಆದರೆ ಅವು ಕೂರುವ ಜಾಗ ಬೇರೆ. ಅಂದು ತುತ್ತೂರಿ ಹಿಡಿದಿದ್ದ ಮೈಲ್ಸ್ ಡೇವಿಸ್‌ಗೆ 19 ವರ್ಷ. ಅವನ ಹಿಂಜರಿಕೆಯೂ ಈ ಟೇಕ್‌ಗಳಲ್ಲಿ ದಾಖಲಾಗಿದೆ.

ಅದೇ ದಿನ 'ಕೋ ಕೋ'. ನಿಮಿಷಕ್ಕೆ ಸುಮಾರು 300 ಎಣಿಕೆಯ ವೇಗ, ಆದಿತಾಳದ ಒಂದು ಆವರ್ತನ ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ. ಕೈಯಲ್ಲಿ ತಾಳ ಹಾಕಲು ಹೋಗಬೇಡಿ, ನಾಲ್ಕು ಎಣಿಕೆಗೆ ಒಂದು ತಟ್ಟು ಸಾಕು. ಹಳೆಯ 'ಚೆರೋಕಿ' ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ್ದು, ಸುತ್ತಿಗೆ 64 ಬಾರ್, ಅಂದರೆ 64 ತಟ್ಟು. ಪಾರ್ಕರ್ ಎರಡು ಸುತ್ತು ನುಡಿಸುತ್ತಾನೆ. ಮೊದಲ ಟೇಕಿನಲ್ಲಿ ಪೀಠಿಕೆ ಮುಗಿಸಿ ಮೂಲ ಹಾಡಿನ ರಾಗಕ್ಕೇ, ಅಂದರೆ ಅದರ ಧಾಟಿಗೇ, ಇಳಿದುಬಿಡುತ್ತಾರೆ, ಕೂಡಲೇ ಸ್ಟುಡಿಯೋದಲ್ಲಿ ತಡೆ ಬೀಳುತ್ತದೆ. ಆ ರಾಗ ಉಳಿದರೆ ಮೂಲ ರಚನೆಯ ಹಕ್ಕಿಗೆ ಹಣ ಕೊಡಬೇಕು. ಕಾರ್ಡ್‌ಗಳ ಸಾಲಿಗೆ ಯಾರೂ ಹಕ್ಕು ಕೇಳುವುದಿಲ್ಲ. ಹಣ ಉಳಿಸುವ ಈ ಲೆಕ್ಕಾಚಾರ, ಪಾರ್ಕರ್ ಮತ್ತು ಜೊತೆಯವರು ಕಟ್ಟಿದ ಹೊಸ ಜಾಝ್ ಶೈಲಿಯಾದ ಬೀಬಾಪ್‌ಗೆ ಎಷ್ಟೊಂದು ಹೊಸ ರಾಗಗಳನ್ನು ಕೊಟ್ಟಿತು ಅನ್ನುವುದನ್ನು ಯೋಚಿಸಿದರೆ ಅಚ್ಚರಿಯಾಗುತ್ತದೆ. ಎರಡನೇ ಟೇಕ್ ಅಂತಿಮ. ಅಲ್ಲಿ ತುತ್ತೂರಿ ಡಿಝಿ ಗಿಲೆಸ್ಪಿಯದು, ಪಿಯಾನೊವೂ ಅವನದೇ ಅನ್ನುತ್ತಾರೆ. ಮೂರು ನಿಮಿಷಕ್ಕೂ ಕಡಿಮೆ.

ಇನ್ನು ಸಂಕಟದ ಭಾಗ. 1936ರಲ್ಲಿ, 16ನೇ ವಯಸ್ಸಿಗೆ ಕಾರು ಅಪಘಾತದಲ್ಲಿ ಪಕ್ಕೆಲುಬು ಮುರಿಯಿತು. ನೋವಿಗೆ ಮಾರ್ಫೀನ್ ಬಂತು, ಅದರ ಹಿಂದೆಯೇ ಹೆರಾಯಿನ್. 1946ರ ಮಾರ್ಚ್ 28ರಂದು ಡಯಲ್‌ಗಾಗಿ ನುಡಿಸಿದ 'ಮೂಸ್ ದ ಮೂಚ್' ಎಂಬ ಲವಲವಿಕೆಯ ರಚನೆಯ ಹೆಸರು ಅವನಿಗೆ ಹೆರಾಯಿನ್ ಒದಗಿಸುತ್ತಿದ್ದವನ ಅಡ್ಡಹೆಸರು. ತನಗೆ ಬರಬೇಕಾದ ಗೌರವಧನದ ಅರ್ಧವನ್ನು ಪಾರ್ಕರ್ ಅವನಿಗೇ ಬರೆದುಕೊಟ್ಟ. ಅದೇ ದಿನದ 'ಎ ನೈಟ್ ಇನ್ ಟುನೀಷಿಯಾ'ದ ಮೊದಲ ಟೇಕಿನಿಂದ ಉಳಿದಿರುವ ಸಣ್ಣ ತುಣುಕನ್ನು ಬಿಡಬೇಡಿ. ಉಳಿದ ವಾದ್ಯಗಳೆಲ್ಲ ನಿಂತು, ನಾಲ್ಕು ಬಾರ್‌ಗಳ ಖಾಲಿ ಜಾಗದಲ್ಲಿ ಪಾರ್ಕರ್ ಒಬ್ಬನೇ ಇಳಿಯುತ್ತಾನೆ. ಹದಿನಾರು ಎಣಿಕೆ, ಅಷ್ಟೇ. ಹಿಂದೆ ತಾಳ ಹಿಡಿಯುವವರು ಯಾರೂ ಇಲ್ಲ, ಆದರೂ ಲಯ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಇಷ್ಟಕ್ಕೇ ಆ ಟೇಕನ್ನು ಎಸೆಯದೆ ಜೋಪಾನ ಮಾಡಿದರು.

ಆ ವ್ಯಾಪಾರಿ ಬಂಧನವಾದಾಗ ಪಾರ್ಕರನಿಗೆ ಹೆರಾಯಿನ್ ಸಿಗುವುದು ನಿಂತಿತು, ಆ ಜಾಗಕ್ಕೆ ಮದ್ಯ ಬಂತು. ಜುಲೈ 29ರಂದು ಸ್ಟುಡಿಯೋಗೆ ಬಂದಾಗ ಸರಿಯಾಗಿ ನಿಲ್ಲುವ ಸ್ಥಿತಿಯಿರಲಿಲ್ಲ. 'ಲವರ್ ಮ್ಯಾನ್' ಆ ದಿನದ್ದು. ಪಿಯಾನೊ ಪೀಠಿಕೆ ಮುಗಿಯಿತು, ಸ್ಯಾಕ್ಸೋಫೋನ್ ಬರಬೇಕಾದ ಜಾಗ ಬಂತು, ಹೋಯಿತು. ಪಿಯಾನೊದವನು ಇನ್ನಷ್ಟು ಎಳೆಯುತ್ತಾನೆ, ಕಾಯುತ್ತಾನೆ. ಕೊನೆಗೆ ಆಲ್ಟೊ ಬರುತ್ತದೆ, ವಾಕ್ಯಗಳು ಬಿದ್ದು ಎದ್ದು ನಡೆಯುತ್ತವೆ. ಅಂದು ರಾತ್ರಿ ಹೋಟೆಲಿನ ಕೋಣೆಗೆ ಬೆಂಕಿ ಬಿತ್ತು, ಪೊಲೀಸರು ಹಿಡಿದರು, ಮುಂದೆ ಕ್ಯಾಮರಿಲ್ಲೊ ಮನೋರೋಗದ ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು. ಕಂಪನಿ ಆ ಧ್ವನಿಮುದ್ರಿಕೆಯನ್ನು ಮಾರುಕಟ್ಟೆಗೆ ಬಿಟ್ಟದ್ದು ಪಾರ್ಕರನಿಗೆ ಕೊನೆಯವರೆಗೂ ಸಿಟ್ಟು.

ಇದನ್ನೇ ಅವನ ಅತ್ಯಂತ ಆಳದ ನುಡಿಕೆ ಎಂದು ಹೊಗಳುವ ಕೇಳುಗರು ಬಹಳ. ಅದು ತಪ್ಪು. ಕಾಯಿಲೆಯ ಮನುಷ್ಯನೊಬ್ಬ ಕಷ್ಟಪಡುವುದು ಕೇಳಿದಾಗ ಕರುಳು ಚುರ್ ಅನ್ನುತ್ತದೆ ನಿಜ. ಆ ಮರುಕವನ್ನು ಸಂಗೀತದ ಗುಣ ಎಂದು ತಿಳಿದರೆ ಪಾರ್ಕರನಿಗೆ ಅನ್ಯಾಯ. ಪೆಟ್ಟಿಗೆಯ ಜೋಡಣೆಯೇ ಇದಕ್ಕೆ ಉತ್ತರ ಕೊಡುತ್ತದೆ. ಜುಲೈ ದಿನವನ್ನು ಒಂದೇ ಸಲ ಕೇಳಿ, ಅಲ್ಲಿಂದ ನೇರ 1947ರ ಫೆಬ್ರವರಿ 26ಕ್ಕೆ ಬನ್ನಿ, 'ರಿಲ್ಯಾಕ್ಸಿನ್ ಅಟ್ ಕ್ಯಾಮರಿಲ್ಲೊ'ಗೆ. ಇದೂ ಹನ್ನೆರಡು ಬಾರ್‌ಗಳ ಬ್ಲೂಸ್. ಆದರೆ ರಾಗದ ಒತ್ತುಗಳು ಎಣಿಕೆಗೆ ಅಡ್ಡವಾಗಿ ಬೀಳುವುದರಿಂದ ಜೊತೆಯವರಿಗೆ ಹಿಡಿಯುವುದೇ ಕಷ್ಟ. ಟೇಕಿನಿಂದ ಟೇಕಿಗೆ ಗುಂಪು ಅದನ್ನು ಕಲಿಯುತ್ತಾ ಹೋಗುವುದು ಕೇಳುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಒಂದು ತಿಂಗಳೂ ಸರಿಯಾಗಿ ಕಳೆದಿಲ್ಲ, ಉಸಿರು ತುಂಬಿದೆ, ಸ್ವರ ದುಂಡಗಿದೆ.

ಅಲ್ಲಿಂದ 1947ರ ಅಕ್ಟೋಬರ್ 28ರ 'ಎಂಬ್ರೇಸಬಲ್ ಯು'. ಎರಡು ಟೇಕ್, ಎರಡೂ ಬೇಕು. ಜನಪ್ರಿಯ ಹಾಡಿನ ಮೂಲ ರಾಗವನ್ನು ನುಡಿಸುವುದೇ ಇಲ್ಲ. ಆರು ಸ್ವರಗಳ ಪುಟ್ಟ ತುಣುಕೊಂದನ್ನು ಎತ್ತಿ, ಕಾರ್ಡ್ ಬದಲಾದ ಹಾಗೆ ಅದನ್ನು ಏರಿಸಿ ಇಳಿಸಿ ಮನೆ ಕಟ್ಟುತ್ತಾನೆ. ಆಲಾಪನೆಯಲ್ಲಿ ಒಂದು ಸಂಚಾರವನ್ನು ಹಿಡಿದು ಬೆಳೆಸುವುದನ್ನು ಕೇಳಿ ಬೆಳೆದವರಿಗೆ ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಹತ್ತಿರವಾಗುವುದು ಇದು. ಎರಡನೇ ಟೇಕಿನಲ್ಲಿ ಬೇರೆಯದೇ ಕಟ್ಟಡ.

ಅವನು ಕೇಳುಗರನ್ನು ಹಿಡಿದ ಬಗೆ ಸಾಮಾನ್ಯದ್ದಲ್ಲ. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೋಫೋನ್ ವಾದಕ 1947, 48ರಲ್ಲಿ ಧ್ವನಿಮುದ್ರಣ ಯಂತ್ರ ಹೊತ್ತು ಪಾರ್ಕರ್ ನುಡಿಸುವ ಕ್ಲಬ್‌ಗಳಿಗೆ ಹೋಗುತ್ತಿದ್ದ. ಪಾರ್ಕರನ ಸರದಿಗೆ ಯಂತ್ರ ಶುರು, ಬೇರೆಯವರ ಸರದಿಗೆ ಬಂದ್. ಆದರೆ ಕೆಲವು ಕೇಳುಗರು ನಕಲು ಮಾಡಿದ್ದು ಅವನ ಚಟವನ್ನೂ. ಹೆರಾಯಿನ್ ತೆಗೆದುಕೊಂಡರೆ ಹಾಗೆ ನುಡಿಸಬಹುದು ಅನ್ನುವ ಭ್ರಮೆಯಲ್ಲಿ ಎಷ್ಟೋ ಯುವ ವಾದಕರು ಹಾಳಾದರು. ಆ ಭ್ರಮೆಗೆ ಬಿದ್ದವರಲ್ಲಿ ಸಾನಿ ರೋಲಿನ್ಸ್ ಒಬ್ಬ. ತಾನು ಚಟ ಬಿಟ್ಟಿದ್ದೇನೆಂದು 1953ರಲ್ಲಿ ಪಾರ್ಕರನಿಗೆ ಸುಳ್ಳು ಹೇಳಿದ, ಸತ್ಯ ತಿಳಿದಾಗ ಪಾರ್ಕರನ ಮುಖದಲ್ಲಿ ಕಂಡ ನೋವೇ ತನ್ನನ್ನು ಬದಲಿಸಿತೆಂದು ರೋಲಿನ್ಸ್ ಹೇಳಿದ್ದಾನೆ. ಅವನು ಚಿಕಿತ್ಸೆ ಮುಗಿಸಿ ಹೊರಬರುವ ಮೊದಲೇ, 1955ರ ಮಾರ್ಚ್ 12ರಂದು ಪಾರ್ಕರ್ ತೀರಿಹೋದ. ಹೆಣ ನೋಡಿದ ವೈದ್ಯರು ವಯಸ್ಸು ಐವತ್ತು ದಾಟಿರಬಹುದೆಂದು ಅಂದಾಜಿಸಿದ್ದರು. ನ್ಯೂಯಾರ್ಕಿನ ಗೋಡೆಗಳ ಮೇಲೆ 'ಬರ್ಡ್ ಬದುಕಿದ್ದಾನೆ' ಎಂಬ ಬರಹ ಮೂಡಿತು. ಬರ್ಡ್ ಅವನ ಅಡ್ಡಹೆಸರು. ಆ ಎಳೆ ನಮ್ಮೂರಿಗೂ ಬಂದು ಮುಟ್ಟಿದೆ. 2008ರಲ್ಲಿ ಕದ್ರಿ ಗೋಪಾಲನಾಥರ ಜೊತೆ 'ಕಿನ್ಸ್‌ಮೆನ್' ಆಲ್ಬಮ್ ಮಾಡಿದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ, 2015ರಲ್ಲಿ ಪಾರ್ಕರನ ರಚನೆಗಳಿಂದ ಹುಟ್ಟಿದ 'ಬರ್ಡ್ ಕಾಲ್ಸ್' ತಂದರು. ಪೆಟ್ಟಿಗೆ ಕೇಳಿದ ಮೇಲೆ ಆ ಎರಡನ್ನೂ ಕೇಳಿ.

ಧ್ವನಿಯ ವಿಷಯಕ್ಕೆ ಬಂದರೆ, ಎಲ್ಲವೂ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಗಾಗಿ ಮಾಡಿದ ಮೋನೊ, ಅಂದರೆ ಒಂದೇ ಚಾನೆಲ್ಲಿನ, ಮುದ್ರಣ. ಸೊರಸೊರ ಸದ್ದು ಇರುತ್ತದೆ. ಅದನ್ನು ಅಡಗಿಸಲು ಟ್ರೆಬಲ್ ಕಡಿಮೆ ಮಾಡಿದರೆ ಆಲ್ಟೊದ ಅಂಚೂ ಡ್ರಮ್ಸಿನ ಸಿಂಬಲ್ ಸದ್ದೂ ಹೊರಟುಹೋಗುತ್ತವೆ. ಬಾಸ್ ಏರಿಸಿದರೆ ಬರೀ ಗುಮ್ಮೆನ್ನುವ ಸದ್ದು, ಆ ಮುದ್ರಣದಲ್ಲಿ ಅಷ್ಟು ಕೆಳಗಿನ ನಾದವೇ ಇಲ್ಲ. ಎರಡನ್ನೂ ನಡುವಿಗೆ ಬಿಟ್ಟು ಒಂದೇ ಸ್ಪೀಕರಿನಲ್ಲಿ ಕೇಳುವುದೇ ಮೇಲು.

ಈಗ ಬಹುಮಟ್ಟಿಗೆ ಸಿಗುವುದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಹಣ ಕೊಡುವ ಮೊದಲು ಎಂಟೂ ಸಿಡಿ ಇದೆಯೇ, ಪುಸ್ತಿಕೆ ಇದೆಯೇ ನೋಡಿ; ದಿನಾಂಕ, ವಾದಕರ ಹೆಸರು, ಟೇಕ್ ಸಂಖ್ಯೆ ಇಲ್ಲದೆ ಇದನ್ನು ಕೇಳುವುದು ಅರ್ಧ ಕೆಲಸ. ಒಂದೊಂದು ಸಿಡಿಯನ್ನೂ ದೀಪಕ್ಕೆ ಹಿಡಿದು ನೋಡಿ, ಸೂಜಿಮೊನೆಯ ತೂತಿನಂತೆ ಬೆಳಕು ತೂರಿ ಬಂದರೆ ಲೋಹದ ಪದರ ಹೋಗಿದೆ ಎಂದರ್ಥ. ನಮ್ಮ ಮಳೆಗಾಲಕ್ಕೆ ಪುಸ್ತಿಕೆಯ ಕಾಗದವೂ ರಟ್ಟೂ ಬೂಷ್ಟು ಹಿಡಿಯುವುದು ಬೇಗ. ಜೂನ್ ಬರುವ ಮೊದಲೇ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಡಿ, ಜೆಲ್ಲಿನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಸಿಡಿಯನ್ನು ಒರೆಸುವಾಗ ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಸುತ್ತಲೂ ಒರೆಸಿದರೆ ಗೀರು ದಾರಿಯುದ್ದಕ್ಕೂ ಬಿದ್ದು ಪ್ಲೇಯರ್ ಓದದೆ ನಿಲ್ಲುತ್ತದೆ. 1948ರ ಸೆಪ್ಟೆಂಬರ್ 18ರ 'ಪಾರ್ಕರ್ಸ್ ಮೂಡ್' ಇರುವ ಸಿಡಿಯನ್ನಂತೂ ಕೊಳ್ಳುವ ಮೊದಲು ಪೂರ್ತಿ ಓಡಿಸಿ ನೋಡಿ. ಆರಂಭದ ಆ ಕೂಗು, ಎರಡು ಸುತ್ತು ಆಲ್ಟೊ, ಒಂದು ಸುತ್ತು ಜಾನ್ ಲೂಯಿಸ್‌ನ ಪಿಯಾನೊ, ಮತ್ತೆ ಒಂದು ಸುತ್ತು ಆಲ್ಟೊ. ನಿಧಾನದ ಬ್ಲೂಸ್ ಆದ್ದರಿಂದ ಆದಿತಾಳವನ್ನು ಕೈಯಲ್ಲೇ ಹಾಕಬಹುದು.