ಒಂದೇ ಲ್ಯಾಪ್‌ಗೆ ಯಾವುದು ಮೇಲು? ಟೈಮ್ ಅಟ್ಯಾಕ್ ಕಾರಿನಲ್ಲಿ ನಾನು ಹೋಲಿಸಿ ನೋಡಿದ ಭಾಗಗಳು

ಟೈಮ್ ಅಟ್ಯಾಕ್‌ನಲ್ಲಿ ಎದುರಾಳಿ ಗಡಿಯಾರ ಮಾತ್ರ. ಟ್ರ್ಯಾಕ್‌ಗೆ ಇಳಿದ ಮೇಲೆ ಒಂದು ಲ್ಯಾಪ್ ಟೈರು, ಬ್ರೇಕುಗಳನ್ನು ಕಾಯಿಸಿಕೊಳ್ಳಲು. ಮುಂದಿನ ಲ್ಯಾಪ್‌ನಲ್ಲಿ ಕಾರಿನಲ್ಲಿ ಇರುವುದನ್ನೆಲ್ಲ ಹಿಂಡಿ ತೆಗೆಯಬೇಕು. ಅದಾದ ಮೇಲೆ ತಣಿಸಿಕೊಂಡು ಪಿಟ್‌ಗೆ (ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗಕ್ಕೆ) ಮರಳಬೇಕು. ದಿನವಿಡೀ ಎಷ್ಟೇ ಸುತ್ತು ಹಾಕಿದರೂ ಲೆಕ್ಕಕ್ಕೆ ಬರುವುದು ಅವುಗಳಲ್ಲಿ ಅತಿ ವೇಗದ ಒಂದು ಲ್ಯಾಪ್. ಜಪಾನಿನ ಟ್ಸುಕುಬಾ ಸರ್ಕ್ಯೂಟ್‌ನ 2,045 ಮೀಟರ್ ಹಾದಿಯಲ್ಲಿ ಬಲಿತ ಈ ಕ್ರೀಡೆಯಲ್ಲಿ ಒಂದು ನಿಮಿಷದೊಳಗೆ ಸುತ್ತು ಮುಗಿಸುವುದೇ ಬೀದಿ ಕಾರು ಕಟ್ಟುವವರ ಮೊದಲ ಗುರಿ. ಕಾರಿನ ಟ್ಯೂನಿಂಗ್ ಭಾಗಗಳನ್ನು ತಯಾರಿಸುವ ಎಚ್‌ಕೆಎಸ್ ಸಂಸ್ಥೆಯ ಸಿಟಿ230ಆರ್ ಕಾರು ಅಲ್ಲಿ 54 ಸೆಕೆಂಡಿನೊಳಗೆ ಸುತ್ತಿ ಬಂದಾಗ ಇಡೀ ಜಗತ್ತು ತಿರುಗಿ ನೋಡಿತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಟ್ರ್ಯಾಕ್ ಕಾರಿನ ಭಾಗಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸುವವರು ಕೊಟ್ಟವು. ಅವರ ದೃಷ್ಟಿಯಲ್ಲಿ ಬಾಳಿಕೆಯೇ ದೊಡ್ಡ ಗುಣ, ಅದು ಅವರಿಗೆ ಸರಿಯೂ ಹೌದು. ಟೈಮ್ ಅಟ್ಯಾಕ್ ಕಾರಿಗೆ ಅದೇ ಅಳತೆಗೋಲು ಹಿಡಿದರೆ ಆಯ್ಕೆಗಳು ತಲೆಕೆಳಗಾಗುತ್ತವೆ. ನಾನು ಪ್ರತಿ ಜೋಡಿಗೂ ಕೇಳಿಕೊಂಡ ಪ್ರಶ್ನೆ ಒಂದೇ: ಈ ಭಾಗ ಆ ಒಂದು ಲ್ಯಾಪ್‌ನ ಮೊದಲ ತಿರುವಿನಿಂದಲೇ ಪೂರ್ತಿ ಕೆಲಸ ಮಾಡುತ್ತದೆಯೇ?

ಕಾರು ಎರಡನೇ ತಲೆಮಾರಿನ ಮಾಜ್ದಾ ಎಂಎಕ್ಸ್-5. 1.8 ಲೀಟರ್ ಎಂಜಿನ್, ಮೂಲ ಶಕ್ತಿ ಸುಮಾರು 140 ಅಶ್ವಶಕ್ತಿ, ತೂಕ ಒಂದು ಟನ್ನಿನ ಆಸುಪಾಸು, ಚಾಲನೆ ಹಿಂಚಕ್ರಗಳಿಗೆ. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿಡುವ ವ್ಯವಸ್ಥೆ) ಇರುವುದರಿಂದ ಮಾಡಿದ ಬದಲಾವಣೆಯನ್ನು ಕಾರು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಹೋಲಿಕೆಗೆ ಇದಕ್ಕಿಂತ ಪ್ರಾಮಾಣಿಕ ಕಾರು ಬೇಕಿಲ್ಲ.

ಅಳೆಯುವ ಬಗೆಯ ಬಗ್ಗೆಯೂ ಒಂದು ಮಾತು. ಬರೀ ಸೆಕೆಂಡಿಗೊಮ್ಮೆ ಸ್ಥಾನ ಗುರುತಿಸುವ ಜಿಪಿಎಸ್ ಇದಕ್ಕೆ ಸಾಲದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಎರಡು ಗುರುತುಗಳ ನಡುವೆ ಅಷ್ಟು ಅಂತರವಿದ್ದರೆ ಚಿಕ್ಕ ತಿರುವೊಂದು ಪೂರ್ತಿ ಮರೆಯಾಗಬಹುದು. ಸೆಕೆಂಡಿಗೆ 25 ಸಲ ಅಳೆಯುವ ಉಪಕರಣದಲ್ಲಿ ಅದೇ ಅಂತರ ಒಂದು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಬ್ರೇಕ್ ಎಲ್ಲಿ ಒತ್ತಿದೆ, ತಿರುವಿನ ನಡುವೆ ಎಷ್ಟು ವೇಗ ಉಳಿಯಿತು ಎನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಜೊತೆಗೆ, ಹಳೆಯ ಭಾಗ, ಹೊಸ ಭಾಗ, ಮತ್ತೆ ಹಳೆಯ ಭಾಗ ಎಂಬ ಕ್ರಮದಲ್ಲಿ ಓಡಿಸಿ ನೋಡಿದೆ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಟ್ರ್ಯಾಕಿನ ಮೈ ಬಿಸಿ ಬದಲಾಗುತ್ತದೆ, ರಬ್ಬರು ಕೂರುತ್ತದೆ. ಮೂರನೆಯ ಸಲ ಹಳೆಯ ಭಾಗಕ್ಕೆ ಮರಳಿ ನೋಡದಿದ್ದರೆ ಲಾಭ ಭಾಗದ್ದೋ ಹವೆಯದ್ದೋ ಹೇಳಲಾಗದು.

ಈಗ ಟೈರು. ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಇದರಷ್ಟು ದೊಡ್ಡ ವಿಷಯ ಇನ್ನೊಂದಿಲ್ಲ. ಟ್ರೆಡ್‌ವೇರ್ ಸಂಖ್ಯೆ 200 ಎಂದು ಪಕ್ಕದಲ್ಲಿ ಮುದ್ರಿಸಿದ ಟೈರುಗಳಲ್ಲೇ ಎರಡು ಕುಲಗಳಿವೆ. ಹ್ಯಾಂಕೂಕ್ ವೆಂಟಸ್ ಆರ್‌ಎಸ್4 ದೀರ್ಘ ಓಟಕ್ಕೆ ಹೆಸರಾದದ್ದು. ಲ್ಯಾಪ್ ಮೇಲೆ ಲ್ಯಾಪ್ ಹೊಡೆದರೂ ಹಿಡಿತ ಬಿಟ್ಟುಕೊಡುವುದಿಲ್ಲ, ಸವೆತವೂ ನಿಧಾನ. ಯೊಕೊಹಾಮಾ ಅಡ್ವಾನ್ ಎ052 ಮತ್ತು ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್ ಇನ್ನೊಂದು ಕುಲದವು. ಇವು ಬೇಗ ಕಾಯುತ್ತವೆ, ಹಿಡಿತದ ಶಿಖರ ಎತ್ತರವಾಗಿರುತ್ತದೆ. ಟ್ರೆಡ್‌ವೇರ್ ಸಂಖ್ಯೆ ಸವೆತದ ಸೂಚಕವಷ್ಟೇ, ಹಿಡಿತದ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದ್ದರಿಂದ ಒಂದೇ ಸಂಖ್ಯೆಯ ಎರಡು ಟೈರುಗಳ ನಡುವೆ ಒಂದು ಲ್ಯಾಪ್‌ನಲ್ಲಿ ಸೆಕೆಂಡಿಗೂ ಮೀರಿದ ವ್ಯತ್ಯಾಸ ಕಂಡರೆ ಬೆರಗಾಗಬೇಕಿಲ್ಲ. ನನ್ನ ಕಾರಿನಲ್ಲಿ ಕಂಡದ್ದು ಅದೇ.

ಆ ಸೆಕೆಂಡು ಎಲ್ಲಿ ಸಿಕ್ಕಿತು ಎಂದು ದಾಖಲೆ ಬಿಡಿಸಿ ನೋಡಿದರೆ ವಿಷಯ ಇನ್ನೂ ಸ್ವಾರಸ್ಯಕರ. ಲಾಭದ ದೊಡ್ಡ ಪಾಲು ಲ್ಯಾಪ್‌ನ ಮೊದಲ ಅರ್ಧದಲ್ಲೇ ಇತ್ತು. ಬಾಳಿಕೆಯ ಟೈರು ಆ ಹೊತ್ತಿಗೆ ಇನ್ನೂ ಎಚ್ಚರಗೊಳ್ಳುತ್ತಿರುತ್ತದೆ. ಅದು ತನ್ನ ಪೂರ್ಣ ಹಿಡಿತ ಕೊಡುವ ವೇಳೆಗೆ ಚುರುಕು ಟೈರಿನ ಕಾರು ತನ್ನ ಸಮಯ ಬರೆದು ಮುಗಿಸಿರುತ್ತದೆ. ಸತತ ಲ್ಯಾಪ್‌ಗಳಲ್ಲಿ ಇದರ ತಿರುಗುಮುರುಗು ನಡೆಯಿತು: ಚುರುಕು ಟೈರು ಕಾವು ಏರಿ ಜಾರತೊಡಗಿದಾಗ ಬಾಳಿಕೆಯ ಟೈರು ಗಡಿಯಾರದಂತೆ ಒಂದೇ ಸಮಯ ಕೊಡುತ್ತಲೇ ಇತ್ತು. ಅಭ್ಯಾಸಕ್ಕೆ ನಾನು ಇಂದಿಗೂ ಅದನ್ನೇ ಹಾಕುತ್ತೇನೆ. ಸಮಯ ಬರೆಯುವ ದಿನಕ್ಕೆ ಎರಡನೆಯ ಕುಲ, ಅದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಟೈರಿನ ಗಾಳಿಯ ಒತ್ತಡವನ್ನು ತಣ್ಣಗಿರುವಾಗ ಅಳೆದು ಸಾಕೆನ್ನಬಾರದು. ಪಿಟ್‌ಗೆ ಬಂದ ಕೂಡಲೇ ಬಿಸಿ ಒತ್ತಡ ನೋಡಬೇಕು. ಒಳಅಂಚು, ನಡು, ಹೊರಅಂಚು ಮೂರರ ತಾಪವನ್ನು ಸೂಜಿ ಚುಚ್ಚಿ ಅಳೆಯುವ ಪೈರೋಮೀಟರ್‌ನಿಂದಲೇ ನೋಡಬೇಕು. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಉಪಕರಣವನ್ನೂ ಪಕ್ಕದಲ್ಲಿಟ್ಟು ನೋಡಿದ್ದೇನೆ. ಅದು ಬರೀ ಮೇಲ್ಮೈ ತಾಪವನ್ನು ತೋರಿಸುತ್ತದೆ, ಆ ಮೇಲ್ಮೈ ಪಿಟ್ ಹಾದಿಯಲ್ಲೇ ತಣಿದಿರುತ್ತದೆ. ರಬ್ಬರಿನೊಳಗಿನ ತಾಪ ತಿಳಿಯಲು ಸೂಜಿಯೇ ಬೇಕು. ಮುಂಚಕ್ರಗಳ ಕ್ಯಾಂಬರ್ (ಚಕ್ರ ವಾಲಿರುವ ಕೋನ; ಋಣ ಎಂದರೆ ಮೇಲ್ತುದಿ ಒಳಕ್ಕೆ) ಋಣ 3 ಡಿಗ್ರಿಯ ಆಸುಪಾಸಿನಲ್ಲಿ ನಿಂತದ್ದು ಈ ಅಳತೆಯಿಂದಲೇ.

ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ವಿಷಯದಲ್ಲಿ ಸ್ಪರ್ಧೆ ಟಾರ್ಸನ್ ಮಾದರಿಯ ಹಲ್ಲುಚಕ್ರಗಳದ್ದಕ್ಕೂ ಕ್ಲಚ್ ತಟ್ಟೆಗಳದ್ದಕ್ಕೂ. ಟಾರ್ಸನ್ ನಯವಾಗಿದೆ, ಸದ್ದಿಲ್ಲ, ನಿರ್ವಹಣೆ ಎಂದು ಹೇಳುವಂಥದ್ದು ಹೆಚ್ಚೇನಿಲ್ಲ. ಅದರ ಕೆಲಸದ ತತ್ವ ಹೀಗೆ: ಹಿಡಿತ ಕಡಿಮೆ ಇರುವ ಚಕ್ರ ತಾಳುವ ಟಾರ್ಕ್‌ನ (ತಿರುಗಿಸುವ ಬಲದ) ಇಂತಿಷ್ಟು ಪಟ್ಟನ್ನು ಇನ್ನೊಂದು ಚಕ್ರಕ್ಕೆ ಕೊಡುತ್ತದೆ. ಒಳಚಕ್ರ ನೆಲದಿಂದ ಮೇಲೆದ್ದರೆ ಅದು ತಾಳುವ ಟಾರ್ಕ್ ಹೆಚ್ಚುಕಡಿಮೆ ಸೊನ್ನೆ, ಸೊನ್ನೆಯ ಎಷ್ಟು ಪಟ್ಟಾದರೂ ಸೊನ್ನೆಯೇ. ಟ್ರ್ಯಾಕಿನ ಅಂಚಿನ ಕರ್ಬ್ ಏರಿ ಇಳಿಯುವಾಗ ಆ ಚಕ್ರ ಗಾಳಿಯಲ್ಲಿ ಸುಮ್ಮನೆ ಸುತ್ತುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಕ್ಲಚ್ ಮಾದರಿಯಲ್ಲಿ ಸ್ಪ್ರಿಂಗ್‌ಗಳಿಂದ ಮೊದಲೇ ಕೂಡಿಸಿಟ್ಟ ಒತ್ತಡವಿರುತ್ತದೆ. ಒಳಚಕ್ರ ಎದ್ದರೂ ಹೊರಚಕ್ರ ತಳ್ಳುತ್ತಲೇ ಇರುತ್ತದೆ. ಇಷ್ಟೇ ಆಗಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಒತ್ತಡ ಹೆಚ್ಚಿಟ್ಟ ಕ್ಲಚ್ ಡಿಫರೆನ್ಷಿಯಲ್ ಬಿಗಿ ತಿರುವಿನ ಪ್ರವೇಶದಲ್ಲಿ ಕಾರನ್ನು ನೇರಕ್ಕೆ ಎಳೆಯುತ್ತದೆ, ಮೂತಿ ತಿರುಗಲು ಒಪ್ಪುವುದಿಲ್ಲ. ಗಟ್ಟಿ ಬ್ರೇಕಿನಲ್ಲಿ ಕಾರಿನ ಹಿಂಭಾಗವನ್ನು ನೇರವಾಗಿ ಹಿಡಿದಿಡುವುದೂ ಅದೇ ಗುಣ. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುವ ವ್ಯವಹಾರವಿದು. ಮೂಲ ಶಕ್ತಿಯಲ್ಲಿ, ಕರ್ಬ್ ಮುಟ್ಟದೆ ಓಡಿಸುವಾಗ ಎರಡರ ಸಮಯದಲ್ಲಿ ಹೆಸರಿಗೂ ವ್ಯತ್ಯಾಸವಿರಲಿಲ್ಲ. ಶಕ್ತಿ ಏರಿಸಿ, ಕರ್ಬ್ ಬಳಸತೊಡಗಿದ ಮೇಲೆ ಕ್ಲಚ್ ಮಾದರಿ ಸ್ಪಷ್ಟವಾಗಿ ಮುಂದೆ ಹೋಯಿತು. ಮಿತವಾದ ಒತ್ತಡಕ್ಕೆ ಹೊಂದಿಸಿಟ್ಟು, ಅದರ ಎಣ್ಣೆಯನ್ನು ಆಗಾಗ ಬದಲಿಸುವ ಕೆಲಸಕ್ಕೆ ನಾನು ಒಗ್ಗಿಕೊಂಡಿದ್ದೇನೆ.

ಬ್ರೇಕಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಅತಿ ಹೆಚ್ಚು ತಾಪಕ್ಕೆಂದು ಮಾಡಿದ ರೇಸ್ ಪ್ಯಾಡ್ ತಣ್ಣಗಿರುವಾಗ ಮರದ ತುಂಡಿನಂತೆ. ಒಂದೇ ಲ್ಯಾಪ್‌ನಲ್ಲಿ ಕಾವು ಹಿಡಿಸಲು ಹೆಣಗಬೇಕು. ಮಧ್ಯಮ ತಾಪದ ಟ್ರ್ಯಾಕ್ ಪ್ಯಾಡ್ ಮೊದಲ ಒತ್ತಿಗೇ ಕಚ್ಚಿ ಹಿಡಿಯುತ್ತದೆ, ಹಗುರ ಕಾರಿಗೆ ಅದು ಧಾರಾಳ ಸಾಕು. ಬ್ರೇಕ್ ದ್ರವದಲ್ಲಿ ಮಾತ್ರ ರಾಜಿ ಇಲ್ಲ. ಡಾಟ್ 4 ಮಾನದಂಡ ಕೇಳುವ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್, ನೀರಂಶ ಹೀರಿಕೊಂಡ ಮೇಲೆ 155. ರೇಸಿಗೆಂದು ಮಾಡಿದ ದ್ರವಗಳು 300 ದಾಟುತ್ತವೆ. ತಣಿಸುವ ಲ್ಯಾಪ್ ಮುಗಿಸಿ ಕಾರು ನಿಲ್ಲಿಸಿದ ಮೇಲೂ ಡಿಸ್ಕಿನ ಕಾವು ಪ್ಯಾಡ್ ಒತ್ತುವ ಕ್ಯಾಲಿಪರ್‌ಗೆ ಏರುತ್ತಲೇ ಇರುವುದರಿಂದ ಹಳೆಯ ದ್ರವ ಅಲ್ಲೇ ಕುದಿದು ಗುಳ್ಳೆಯೇಳಬಹುದು. ಮುಂದಿನ ಸಲ ಬ್ರೇಕ್ ಹಿಡಿಯದೆ ಪೆಡಲ್ ತಳ ಮುಟ್ಟುತ್ತದೆ.

ಸ್ಪ್ರಿಂಗ್‌ಗಳನ್ನೂ, ಬೀಸುವ ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುವ ಭಾಗಗಳನ್ನೂ (ಮೂತಿಯ ಕೆಳಗಿನ ತಟ್ಟೆ ಸ್ಪ್ಲಿಟರ್, ಹಿಂದಿನ ರೆಕ್ಕೆ ವಿಂಗ್) ಬೇರೆ ಬೇರೆಯಾಗಿ ಹೋಲಿಸಲು ಆಗುವುದಿಲ್ಲ, ಒಂದನ್ನು ಮುಟ್ಟಿದರೆ ಇನ್ನೊಂದು ಮಾತಾಡುತ್ತದೆ. ಒಂದು ಮಿಲಿಮೀಟರ್ ಕುಗ್ಗಲು 8 ಕಿಲೋ ಭಾರ ಬೇಕಾದ ಮುಂದಿನ ಸ್ಪ್ರಿಂಗ್‌ನಿಂದ 12 ಕಿಲೋ ಬೇಕಾದದ್ದಕ್ಕೆ ಹೋದಾಗ, ವಿಂಗ್ ಇಲ್ಲದ ಕಾರಿನಲ್ಲಿ ಲಾಭ ಬಲು ಕಡಿಮೆ. ಉಬ್ಬುತಗ್ಗಿನ ತಿರುವುಗಳಲ್ಲಿ ಮೃದು ಸ್ಪ್ರಿಂಗ್‌ನದೇ ಮೇಲುಗೈ. ಮುಂದೆ ಸ್ಪ್ಲಿಟರ್, ಹಿಂದೆ ವಿಂಗ್ ಬಂದ ಮೇಲೆ ಚಿತ್ರ ಬದಲಾಯಿತು. ಡೌನ್‌ಫೋರ್ಸ್, ಅಂದರೆ ಹೀಗೆ ನೆಲಕ್ಕೆ ಒತ್ತುವ ಬಲ, ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಮೃದು ಸ್ಪ್ರಿಂಗ್ ಆ ಒತ್ತಡಕ್ಕೆ ಕುಸಿದು ಸ್ಪ್ಲಿಟರ್ ನೆಲ ಸವರತೊಡಗುತ್ತದೆ. ಬ್ರೇಕ್ ಒತ್ತಿದಾಗ ಮೂತಿ ತಗ್ಗಿ, ಗಾಳಿಯ ಸಮತೋಲ ಒಮ್ಮೆಲೇ ಮುಂದಕ್ಕೆ ಜರುಗುತ್ತದೆ. ಗಟ್ಟಿ ಸ್ಪ್ರಿಂಗ್ ಇದ್ದಾಗ ಸ್ಪ್ಲಿಟರ್ ಒಂದೇ ಎತ್ತರದಲ್ಲಿ ನಿಲ್ಲುತ್ತದೆ, ಚಾಲಕನಿಗೆ ಕಾರು ಅರ್ಥವಾಗುತ್ತದೆ.

ಬರೀ ವಿಂಗ್ ಹಾಕಿ ಓಡಿಸಿದ್ದಕ್ಕೂ ಜೋಡಿಯಾಗಿ ಹಾಕಿ ಓಡಿಸಿದ್ದಕ್ಕೂ ಇರುವ ಅಂತರವನ್ನು ಒತ್ತಿ ಹೇಳಬೇಕು. ವಿಂಗ್ ಒಂದೇ ಇದ್ದಾಗ ವೇಗದ ತಿರುವಿನಲ್ಲಿ ಹಿಂಭಾಗ ಬೇರೂರಿ ನಿಲ್ಲುತ್ತದೆ, ಮುಂಭಾಗ ಹೊರಕ್ಕೆ ತೇಲುತ್ತದೆ. ಧೈರ್ಯ ಹೆಚ್ಚಿತು, ಸಮಯ ಮಾತ್ರ ಇಳಿಯಲಿಲ್ಲ. ನೇರ ಹಾದಿಯಲ್ಲಿ ಗಾಳಿಯ ಎಳೆತಕ್ಕೆ ಕೊಟ್ಟದ್ದನ್ನು ತಿರುವಿನಲ್ಲಿ ವಸೂಲು ಮಾಡಲಾಗಲಿಲ್ಲ. ಸ್ಪ್ಲಿಟರ್ ಸೇರಿದ ಕೂಡಲೇ ಅದೇ ವಿಂಗ್ ಲಾಭಕ್ಕೆ ಬಂತು. ನಿಧಾನದ ತಿರುವುಗಳೇ ತುಂಬಿದ ಟ್ರ್ಯಾಕಿನಲ್ಲಿ ಈ ಜೋಡಿಯಿಂದ ಸಿಗುವುದು ಅಲ್ಪ ಎನ್ನುವುದೂ ನಿಜ. ವಿಂಗ್‌ನ ಕಾಲುಗಳನ್ನು ಡಿಕ್ಕಿಯ ತೆಳು ಮುಚ್ಚಳಕ್ಕೆ ಬಿಗಿಯದೆ ಚಾಸಿಗೆ ಬಿಗಿದರೆ ಒತ್ತಡ ಪೂರ್ತಿಯಾಗಿ ಚಕ್ರಗಳಿಗೆ ಇಳಿಯುತ್ತದೆ. ಸ್ಪ್ಲಿಟರ್‌ಗೆ ನಾನು ಇಟ್ಟಿರುವ ಪರೀಕ್ಷೆ ಸರಳ: ಅಂಚಿನ ಮೇಲೆ ಒಬ್ಬರು ನಿಂತರೂ ಅದು ಬಾಗಬಾರದು.

ಶಕ್ತಿಗೆ ಬರೋಣ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಒಂದು ಕಡೆ. ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ), ಇನ್‌ಟೇಕ್ (ಗಾಳಿ ಒಳಬರುವ ದಾರಿ), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನಿಂಗ್ ಸೇರಿದ ಟರ್ಬೊ ಇಲ್ಲದ ದಾರಿ ಇನ್ನೊಂದು ಕಡೆ. ಎರಡನೆಯದರ ಸೊಗಸು ನನಗೆ ಬಹಳ ಇಷ್ಟ. ಕಾಲಿಗೂ ಚಕ್ರಕ್ಕೂ ನಡುವೆ ಎಳೆ ಕಟ್ಟಿದಂತೆ ಎಂಜಿನ್ ಸ್ಪಂದಿಸುತ್ತದೆ, ತಿರುವಿನ ನಡುವೆ ಅರ್ಧ ಮಿಲಿಮೀಟರ್ ಆಕ್ಸಿಲರೇಟರ್ ಒತ್ತಿದರೂ ಗೊತ್ತಾಗುತ್ತದೆ. ಸಿಗುವ ಹೆಚ್ಚುವರಿ ಶಕ್ತಿ ಮಾತ್ರ ಕೊಂಚವೇ. ಟರ್ಬೊಗೆ ಅಂಟಿದ ದೊಡ್ಡ ದೂರು ಕಾವಿನದು: ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಸಿಯಾಗಿ, ಒಳಬರುವ ಗಾಳಿಯ ತಾಪ ಏರಿ, ಎಂಜಿನ್ ಉಳಿಸಲು ಇಸಿಯು ಇಗ್ನಿಷನ್ ಕಿಡಿಯನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಇಪ್ಪತ್ತು ನಿಮಿಷದ ಓಟದಲ್ಲಿ ಇದು ಖಂಡಿತ ತೊಡಕು. ಒಂದು ಲ್ಯಾಪ್‌ನಲ್ಲಿ ಆ ಘಟ್ಟ ಬರುವುದೇ ಇಲ್ಲ, ಇಂಟರ್‌ಕೂಲರ್ ಕಾಯುವಷ್ಟರಲ್ಲಿ ಲ್ಯಾಪ್ ಮುಗಿದಿರುತ್ತದೆ. ಟೈಮ್ ಅಟ್ಯಾಕ್‌ಗೆ ಟರ್ಬೊ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣ ಇದು. ಆದ್ದರಿಂದ ನನ್ನ ಮತ ಚಿಕ್ಕ ಟರ್ಬೊಗೆ, ಬೇಗ ಒತ್ತಡ ಕಟ್ಟುವಂಥದ್ದಕ್ಕೆ. ದೊಡ್ಡ ಟರ್ಬೊ ಡೈನೊ (ಶಕ್ತಿ ಅಳೆಯುವ ಯಂತ್ರ) ಹಾಳೆಯ ಮೇಲೆ ಗೆಲ್ಲುತ್ತದೆ. ಆದರೆ ನಿಧಾನದ ತಿರುವಿನಿಂದ ಹೊರಬರುವಾಗ ಒತ್ತಡ ಕಟ್ಟುವ ತನಕ ಕಾಯಿಸಿ, ಬಂದಾಗ ಒಮ್ಮೆಲೇ ಬಂದು ಹಿಂಚಕ್ರಗಳನ್ನು ಜಾರಿಸುತ್ತದೆ.

ಒಂದು ಷರತ್ತು. ಟೈರು, ಡಿಫರೆನ್ಷಿಯಲ್, ಬ್ರೇಕ್ ಸರಿಹೋಗುವ ಮೊದಲು ಟರ್ಬೊ ಹಾಕಿದ ಕಾರುಗಳನ್ನು ಟ್ರ್ಯಾಕಿನಲ್ಲಿ ಹತ್ತಿರದಿಂದ ಕಂಡಿದ್ದೇನೆ. ನೇರ ಹಾದಿಯಲ್ಲಿ ಹಾದು ಹೋಗುತ್ತವೆ, ಮುಂದಿನ ಬ್ರೇಕಿಂಗ್‌ನಲ್ಲಿ ಎಲ್ಲವನ್ನೂ ಮರಳಿ ಕೊಡುತ್ತವೆ. ಟರ್ಬೊ ಜೊತೆ ರೇಡಿಯೇಟರ್, ಕ್ಲಚ್, ಎಣ್ಣೆ ತಣಿಸುವ ಕೂಲರ್, ಆಮೇಲೆ ಗೇರ್‌ಬಾಕ್ಸ್ ಹೀಗೆ ಸಾಲು ಬೆಳೆಯುತ್ತದೆ. ಅಷ್ಟಕ್ಕೆ ಮನಸ್ಸಿಲ್ಲದವರಿಗೆ ಟರ್ಬೊ ಇಲ್ಲದ ಎಂಜಿನ್ ಮತ್ತು ಒಳ್ಳೆಯ ಟೈರಿನ ಜೋಡಿಯನ್ನೇ ಹೇಳುತ್ತೇನೆ.

ಹವೆಯನ್ನೂ ಒಂದು ಆಯ್ಕೆ ಎಂದೇ ಎಣಿಸಬೇಕು. 25 ಡಿಗ್ರಿಯ ಗಾಳಿಗಿಂತ 5 ಡಿಗ್ರಿಯ ಗಾಳಿ ಶೇಕಡಾ 7ರಷ್ಟು ಸಾಂದ್ರ. ಎಂಜಿನ್‌ಗೂ ವಿಂಗ್‌ಗೂ ಇದರಿಂದ ಲಾಭ. ಟ್ಸುಕುಬಾದ ದಾಖಲೆ ಯತ್ನಗಳು ಚಳಿಗಾಲದ ಬೆಳಗಿನಲ್ಲೇ ನಡೆಯುವುದಕ್ಕೆ ಇದೇ ಕಾರಣ. ಆದರೆ ತಣ್ಣನೆಯ ಟ್ರ್ಯಾಕಿನಲ್ಲಿ ಟೈರು ಕಾಯುವುದು ತಡ. ಬಾಳಿಕೆಯ ಟೈರಿನವರಿಗೆ ಚಳಿ ಹೊರೆ, ಚುರುಕು ಟೈರಿನವರಿಗೆ ವರ.

ಇನ್ನು ತೂಕ. ಸೀಟು, ಕಾರ್ಪೆಟ್, ಎ.ಸಿ. ತೆಗೆದಾಗ ಬಂದ ಲಾಭ ಬ್ರೇಕಿಂಗ್, ತಿರುವು, ವೇಗವೃದ್ಧಿ ಮೂರರಲ್ಲೂ ಹಂಚಿಕೊಂಡು ಕಾಣಿಸಿತು. ಶಕ್ತಿಯಿಂದ ಬರುವ ಲಾಭ ಹೀಗೆ ಹರಡುವುದಿಲ್ಲ. ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ತುಂಬಿದ ಟ್ಯಾಂಕಿಗೂ ಹೆಚ್ಚುಕಡಿಮೆ ಬರಿದಾದ ಟ್ಯಾಂಕಿಗೂ ಮೂವತ್ತು ಕಿಲೋದಷ್ಟು ವ್ಯತ್ಯಾಸ ಸುಲಭವಾಗಿ ಆಗುತ್ತದೆ. ಹಾಗೆಂದು ತೀರಾ ತಳಕ್ಕೆ ಇಳಿಸಿದರೆ ಉದ್ದನೆಯ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಟರ್ಬೊ ಎಂಜಿನ್‌ನಲ್ಲಿ ಆ ಕ್ಷಣದ ಇಂಧನದ ಕೊರತೆ ಪಿಸ್ಟನ್‌ಗೇ ಕುತ್ತು ತರಬಹುದು. ಟ್ಯಾಂಕಿನೊಳಗೆ ಪಂಪ್ ಬಳಿ ಪೆಟ್ರೋಲ್ ಹಿಡಿದಿಡುವ ಸರ್ಜ್ ಪಾತ್ರೆ ಇಲ್ಲದ ಕಾರಿನಲ್ಲಿ ಕಾಲು ಟ್ಯಾಂಕಿಗಿಂತ ಕೆಳಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಆ ಕೆಲವು ಕಿಲೋಗಳನ್ನು ಹಗುರ ಬ್ಯಾಟರಿಯಿಂದಲೋ ಹಗುರ ಚಕ್ರಗಳಿಂದಲೋ ತೆಗೆಯಲು ಬರುತ್ತದೆ.