ರಷ್ಯನ್ ಕಲಿಯೋಕೆ ಟೀಚರ್ ಬೇಕಾ, ಪುಸ್ತಕ ಸಾಕಾ?

ನನಗೆ ಆಟಿಸಂ ಇದೆ, ವಯಸ್ಸು 34, ಮಡಿಕೇರಿ ಹತ್ತಿರ ಕಾಫಿ ತೋಟದಲ್ಲಿ ಮನೆ. ಎರಡೂ ಮಾಡಿ ನೋಡಿದ್ದೇನೆ.

ಮೊದಲು ಪುಸ್ತಕ. 33 ಅಕ್ಷರ, 6 ವಿಭಕ್ತಿ, ಎಲ್ಲಕ್ಕೂ ಕೋಷ್ಟಕ. ಕೋಷ್ಟಕ ಅಂದ್ರೆ ನನಗೆ ಹಬ್ಬ! ಮನೆಗೆ, ಮನೆಯಲ್ಲಿ, ಮನೆಯಿಂದ ಅಂತ ಪದದ ಬಾಲ ಬದಲಿಸುವುದು ನಮಗೆ ಚಿಕ್ಕಂದಿನಿಂದ ಗೊತ್ತು, ಹಾಗಾಗಿ ವಿಭಕ್ತಿ ಕಂಡು ಹೆದರಬೇಕಿಲ್ಲ, ಆದರೆ ಅಲ್ಲಿ ವಿಶೇಷಣದ ಬಾಲವೂ ಜೊತೆಗೇ ಬದಲಾಗುತ್ತದೆ, ಅದು ಸ್ವಲ್ಪ ತಲೆನೋವು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗಲೂ ಪುಸ್ತಕ ಇರುತ್ತದೆ. ಯಾಕೆ ಸುಮ್ನೆ ಕೂತಿದ್ದೀರಿ ಅಂತ ಕೇಳುವುದೂ ಇಲ್ಲ.

ಸೋಲುವುದು ಉಚ್ಚಾರದಲ್ಲಿ. ಹಾಲಿಗೆ ಬರೆಯುವುದು 'ಮೊಲೊಕೊ', ಹೇಳುವುದು 'ಮಲಕೋ'. ಒತ್ತು ಎಲ್ಲಿ ಬೀಳುತ್ತದೆ ಅಂತ ಮಾಮೂಲಿ ಬರಹದಲ್ಲಿ ಗುರುತು ಹಾಕುವುದಿಲ್ಲ. ಮೂರು ತಿಂಗಳು ತಪ್ಪಾಗಿಯೇ ಹೇಳಿಕೊಂಡಿದ್ದೆ.

ಆನ್‌ಲೈನ್ ಗುಂಪು ತರಗತಿ ನನಗೆ ಆಗಲಿಲ್ಲ. ಎಂಟು ಜನ ಒಟ್ಟಿಗೆ ಮಾತಾಡಿದರೆ ಎಲ್ಲ ದನಿ ಕಲಸಿದ ಅನ್ನ. ಎರಡನೇ ದಿನವೇ ಬಿಟ್ಟೆ. ಒಬ್ಬರೇ ಟೀಚರ್ ಇದ್ದರೆ ಬೇರೆ ಕಥೆ, ಆದರೆ ಖರ್ಚು ಜಾಸ್ತಿ. ಮೊದಲ ದಿನವೇ ಹೇಳಿಬಿಟ್ಟೆ: ಕ್ಯಾಮೆರಾ ಹಾಕಲ್ಲ, ಪ್ರಶ್ನೆಯನ್ನು ಮೊದಲು ಚಾಟ್‌ನಲ್ಲಿ ಬರೆಯಿರಿ, ಉತ್ತರಕ್ಕೆ ಹತ್ತು ಸೆಕೆಂಡ್ ಕೊಡಿ. ಅವರು ಸರಿ ಅಂದರು. ರಷ್ಯಾದಲ್ಲಿ ಅಪರಿಚಿತರನ್ನು ಕಂಡು ಸುಮ್ಮಸುಮ್ಮನೆ ನಗಬೇಕಿಲ್ಲ ಅಂತ ಅವರೇ ಹೇಳಿದ್ದು. ಎಷ್ಟು ಆರಾಮ, ಅಲ್ವಾ?

ದುಡ್ಡು ಕಡಿಮೆ ಇದ್ದರೆ ಅಕ್ಷರ, ವಿಭಕ್ತಿ ಪುಸ್ತಕದಲ್ಲೇ ಮುಗಿಸಿ, ಆಮೇಲೆ ವಾರಕ್ಕೊಂದು ಗಂಟೆ ಟೀಚರ್ ಹಿಡಿಯಿರಿ. ಆಡಿಯೊ ಮಾತ್ರ ಮೊದಲ ದಿನದಿಂದಲೇ ಕೇಳಿ.