ಒಲೆಯ ಹಿಂದಿನ ಗೋಡೆಗೆ ಎಪಾಕ್ಸಿ ಗ್ರೌಟ್

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ನವೀಕರಿಸುವಾಗ, ಒಲೆಯ ಹಿಂದಿನ ಗೋಡೆಗೆ 75×150 ಮಿ.ಮೀ. ಸೆರಾಮಿಕ್ ಟೈಲ್‌ಗಳನ್ನು ನಾನೇ ಕೂರಿಸಿ, ಸಂದುಗಳಿಗೆ ಎಪಾಕ್ಸಿ ಗ್ರೌಟ್ ತುಂಬಿದೆ. ರೆಸಿನ್ (ರಾಳ), ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಮತ್ತು ಬಣ್ಣದ ಪುಡಿ ಬೇರೆಬೇರೆಯಾಗಿ ಬರುವ ಈ ಕಿಟ್ ದುಬಾರಿಯೇ ಸರಿ. ಆದರೆ ಸಿಮೆಂಟ್ ಗ್ರೌಟಿನಂತೆ ನೀರು, ಎಣ್ಣೆಯನ್ನು ಹೀರಿಕೊಳ್ಳದ ಕಾರಣ, ಒಗ್ಗರಣೆಯ ಜಿಡ್ಡು ಸೋಪಿನ ನೀರಿಗೇ ಬಿಟ್ಟುಹೋಗುತ್ತದೆ. ಅರಿಶಿನ ಬೆರೆತ ಸಾರು ಸಿಡಿದರೆ ತಡಮಾಡದೆ ಒರೆಸಬೇಕು. ತಿಳಿಬಣ್ಣದ ಗ್ರೌಟಿನಲ್ಲಿ ಹಳದಿ ಛಾಯೆ ಉಳಿಯಬಹುದು. ಕಲಸಿದ ಮಿಶ್ರಣವು, ಅದರಲ್ಲೂ ಮೇ ತಿಂಗಳ ಸೆಕೆಯಲ್ಲಿ, ಬೇಗ ಗಟ್ಟಿಯಾಗುವುದರಿಂದ, ಪ್ರಮಾಣ ತಪ್ಪದಂತೆ ಸ್ವಲ್ಪಸ್ವಲ್ಪವೇ ಕಲಸಿ, ಟೈಲ್ ಮೇಲೆ ಉಳಿದ ಮಬ್ಬು ಪೊರೆಯನ್ನು ಒದ್ದೆ ಸ್ಪಂಜಿನಿಂದ ಕೂಡಲೇ ತೆಗೆಯಬೇಕು. (ಕಿಟ್ಟಿನೊಳಗಿನ ಕೈಗವಸು ತೀರ ತೆಳು, ಬೇರೆ ಕೊಳ್ಳುವುದು ಲೇಸು.) ಗ್ರಾನೈಟ್ ಕಟ್ಟೆಗೆ ಟೈಲ್ ಕೂಡುವ ಮೂಲೆಗೆ ಮಾತ್ರ ಈ ಗ್ರೌಟ್ ಬೇಡ, ಅಲ್ಲಿ ರಬ್ಬರಿನಂತೆ ಬಾಗುವ ಸಿಲಿಕೋನ್ ಸೀಲಂಟೇ ಸರಿ.